ವ್ಯಾಸಪೀಠದ ಏಟು

ರಾಯಾಪುರ, ಧಾರವಾಡ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಇಂದೂ,

ಹೇಗಿದ್ದೀ ಎಂದು ಕೇಳಲು ಕೈ ಏಳುತ್ತಿಲ್ಲ, ಆದರೂ ಕೇಳುತ್ತೇನೆ. ಹೇಗಿದ್ದೀಯೇ? ಇಷ್ಟು ದಿನ ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ. ಎತ್ತಿದ ಒಂದೆರಡು ಸಲ ನೀನು ಅತ್ತೆ. ನೀನು ಅತ್ತರೆ ನಾನು ಕರಗುತ್ತೇನೆ, ಹಾಸ್ಟೆಲಿನಿಂದಲೂ ಇದೇ ಹಾಡು. ಅದಕ್ಕೇ ತಡವಾದರೂ ಪತ್ರ ಬರೆಯುತ್ತಿದ್ದೇನೆ, ಕ್ಷಮಿಸು. ಇದು ಬೆಳಗಾವಿಗೆ ಮುಟ್ಟುವ ಹೊತ್ತಿಗೆ ನಾನು ಪೊಲೀಸರ ಮುಂದೆ ಹೇಳಿಕೆ ಕೊಟ್ಟು ಮುಗಿಸಿರುತ್ತೇನೆ. ನಾಳೆ ಸೋಮವಾರ ಕರೆದಿದ್ದಾರೆ. ನಿನ್ನ ಸೊಸೆ ಆರತಿ ಮೆಟ್ಟಿಲ ಮೇಲೆ ಜಾರಿ ಬಿದ್ದಳು ಎಂದು ನಾನು ಹೇಳಬೇಕು, ಹಾಗೆ ಹೇಳಿದರೆ ನಿನ್ನ ಮಗ ಕೇದಾರ ನನ್ನ ಮೇಲೆ ಕೊಟ್ಟ ಫಿರ್ಯಾದಿ ವಾಪಸ್ ತೆಗೆದುಕೊಳ್ಳುತ್ತಾನೆ ಎಂದೆಯಲ್ಲ, ನಾನು ಹಾಗೆ ಹೇಳುವುದಿಲ್ಲ. ಯಾಕೆ ಎಂದು ನಿನಗೆ ತಿಳಿಸಲೇಬೇಕು. ಉಳಿದವರಿಗೆ ತಿಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ನನ್ನ ದಿನ ನಿನಗೆ ಗೊತ್ತಿದ್ದದ್ದೇ. ಬೆಳಿಗ್ಗೆ ರೊಟ್ಟಿ ಬಡಿದು, ಮಗಳು ಸೌಮ್ಯಾಳನ್ನು ಶಾಲೆಗೆ ಅಟ್ಟಿ, ಗಂಡ ಗುರುಪಾದರ ಡಬ್ಬಿ ಕಟ್ಟಿ, ಹುಬ್ಬಳ್ಳಿ ಬಸ್ಸಿಗೆ ಓಡುವುದು. ಆಮೇಲೆ ಸಂಜೆಯವರೆಗೆ ಆಸ್ಪತ್ರೆಯ ಎಕ್ಸ್‌ರೇ ಕೋಣೆ. ಓದುವುದೆಲ್ಲ ಬಸ್ಸಿನಲ್ಲಿ, ಅದೂ ಸೀಟು ಸಿಕ್ಕರೆ. ಹಾಸ್ಟೆಲಿನಲ್ಲಿ ಒಂದೇ ಚಾದರದಡಿ ಒಂದೇ ಪುಸ್ತಕ ಓದುವಾಗ ನೀನು ಮೊದಲೇ ಪುಟ ಮುಗಿಸಿ, ಹೆಬ್ಬೆರಳು ಇಟ್ಟುಕೊಂಡು, ‘ಲಗೂ ಮುಗಸ ಎಮ್ಮೀ’ ಎನ್ನುತ್ತಿದ್ದೆ. ಈಗಲೂ ನಾನು ಎಮ್ಮೆಯೇ. ಒಂದು ಕಾದಂಬರಿಗೆ ಒಂದು ಮಳೆಗಾಲ ಬೇಕು. ಗುರುಪಾದರು ಹತ್ತಿಕಾಳು, ಹಿಂಡಿ ವ್ಯಾಪಾರದವರು, ಪೇಪರಿನಲ್ಲಿ ಪೇಟೆಧಾರಣೆ ಬಿಟ್ಟು ಏನೂ ಓದುವುದಿಲ್ಲ. ಆದರೆ ನಾನು ಪುಸ್ತಕ ಹಿಡಿದರೆ ಫ್ಯಾನನ್ನು ನನ್ನ ಕಡೆ ತಿರುಗಿಸಿ ಹೋಗುತ್ತಾರೆ. ಮದುವೆ ಅಂದರೆ ಇಷ್ಟೇ ಏನು ಎಂದು ಒಮ್ಮೊಮ್ಮೆ ಬೇಜಾರಾಗುತ್ತದೆ, ಇಷ್ಟಾದರೂ ಇದೆಯಲ್ಲ ಎಂದು ಒಮ್ಮೊಮ್ಮೆ ಸಮಾಧಾನ.

ಶ್ರಾವಣದಲ್ಲಿ ಮಾತ್ರ ನನ್ನ ಓದಿಗೆ ಮನೆಯಲ್ಲಿ ಮಾನ. ಅತ್ತೆ ಕಾಳವ್ವನಿಗೆ ಅಕ್ಷರ ಬಾರದು, ಆದರೆ ಪುರಾಣ ಬೇಕು. ಡ್ಯೂಟಿಯಿಂದ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ವ್ಯಾಸಪೀಠದ ಮೇಲೆ ಪುಸ್ತಕ ತೆರೆಯುತ್ತೇನೆ. ಓಣಿಯ ಹೆಂಗಸರು ಬಂದು ಕೂರುತ್ತಾರೆ. ಪೀಠವನ್ನು ನೀನು ನೋಡಿದ್ದೀ, ಮಾವನವರ ಕಾಲದ ಸಾಗವಾನಿಯದು, ಎತ್ತಿದರೆ ಕೈ ಜಗ್ಗುತ್ತದೆ. ನಮ್ಮ ಮನೆಯಲ್ಲೊಂದು ಕಟ್ಟಳೆ ಇದೆ. ಅಧ್ಯಾಯ ಹಿಡಿದ ಮೇಲೆ ಮಂಗಳಾರತಿ ಆಗುವವರೆಗೆ ಯಾರೂ ಏಳುವಂತಿಲ್ಲ.

ಈ ಶ್ರಾವಣದಲ್ಲಿ ಮೇಲಿನಿಂದ ಸಪ್ಪಳ ಶುರುವಾಯಿತು. ಕೇದಾರನಿಗೆ ಇಲ್ಲಿ ಕೆಲಸ ಸಿಕ್ಕಾಗ ‘ನಿನ್ನ ಮನಿ ಮ್ಯಾಲೆ ಇದ್ರ ನನಗ ಚಿಂತಿ ಇಲ್ಲ’ ಎಂದು ಗಂಡಹೆಂಡತಿಯನ್ನು ನನ್ನ ಮಹಡಿಯ ಮೇಲೆ ತಂದಿಟ್ಟವಳು ನೀನೇ. ಮೊದಲು ಪಾತ್ರೆ ಬಿದ್ದ ಸಪ್ಪಳ, ಆಮೇಲೆ ಓಡಾಡಿದ ಸಪ್ಪಳ, ಆಮೇಲೆ ಆರತಿಯ ದನಿ. ಹೆಂಗಸರೆಲ್ಲ ನೆಲ ನೋಡಿದರು. ಕಾಳವ್ವ, ‘ಜೋರಾಗಿ ಓದವಾ, ಕೇಳಸವಲ್ದು’ ಎಂದಳು. ನಾನು ಜೋರಾಗಿ ಓದಿದೆ. ಮರುದಿನ ಆರತಿ ಪುಸ್ತಕ ಕೇಳಿಕೊಂಡು ಕೆಳಗೆ ಬಂದಾಗ ಕೆನ್ನೆ ಬಾತಿತ್ತು. ‘ಬಾಗಲಾ ಬಡೀತ್ರಿ ಮಾವಶಿ’ ಎಂದಳು. ಕೇದಾರನಂತೆ ಅವಳಿಗೂ ನಾನು ಚಿಕ್ಕಮ್ಮ. ನಾನು ಪುಸ್ತಕ ಕೊಟ್ಟು ಕಳಿಸಿದೆ.

ಶ್ರಾವಣದ ಕಡೆಯ ಸೋಮವಾರ ಅವಳು ನನ್ನನ್ನೇ ಕೂಗಿದಳು. ‘ಮಾವಶೀ, ಬರ್ರೀ! ಮಾವಶೀ!’ ನಾನು ಪುಸ್ತಕ ಮುಚ್ಚಿದೆ. ‘ಅಧ್ಯಾಯ ಮುಗೀಲೆವಾ, ನಡಕ ಬಿಡಬಾರದು’ ಎಂದಳು ಕಾಳವ್ವ. ಗುರುಪಾದರು ಬಾಗಿಲಲ್ಲಿ ನಿಂತು, ‘ಗಂಡಾ ಹೆಣ್ತಿ ಜಗಳದಾಗ ನಾವು ಹೋಗೂದು ಛಲೋ ಅಲ್ಲ’ ಎಂದರು. ‘ಹಂಗಾದ್ರ ನೀವು ಇಲ್ಲೇ ನಿಂದರ್ರಿ’ ಎಂದು ಮೆಟ್ಟಿಲು ಹತ್ತಿದೆ. ಪೀಠ ಕೈಯಲ್ಲೇ ಇತ್ತು. ಯಾಕೆ ಎತ್ತಿಕೊಂಡೆನೋ, ದೇವರಾಣೆ ಗೊತ್ತಿಲ್ಲ. ನನ್ನ ಹಿಂದೆ ಬಂದವಳು ಮುಸರತ ಒಬ್ಬಳೇ. ಓಣಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಪುರಾಣ ಕೇಳಲು ದಿನವೂ ಬರುತ್ತಾಳೆ. ಬಾಗಿಲಿನ ಚಿಲಕ ಅವಳ ಎರಡು ಒದೆಗೆ ಕಿತ್ತು ಬಂತು.

ಆರತಿ ಅಡಿಗೆಮನೆಯ ಮೂಲೆಯಲ್ಲಿ ನೆಲದ ಮೇಲಿದ್ದಳು. ನಿನ್ನ ಮಗ ಒಂದು ಕೈಗೆ ಅವಳ ಜಡೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕುಕ್ಕರಿನ ಮುಚ್ಚಳ ಹಿಡಿದು ಬಡಿಯುತ್ತಿದ್ದ. ಹಣೆ ಒಡೆದು ರಕ್ತ ಅವಳ ಕಣ್ಣಿಗಿಳಿದಿತ್ತು. ಗೋಡೆಗೆ ಸಿಡಿದಿತ್ತು, ಕಲಸಿಟ್ಟ ಚಪಾತಿ ಹಿಟ್ಟಿಗೂ ಸಿಡಿದಿತ್ತು. ತಲೆಗೆ ಅಡ್ಡ ಹಿಡಿದ ಕೈ ನಡುವೆ ಸೊಟ್ಟಗಾಗಿ ಜೋತಾಡುತ್ತಿತ್ತು. ಕೇದಾರ ನನ್ನ ಕಡೆ ತಿರುಗಿ, ಸಾವಧಾನದಿಂದ, ‘ನೀವು ಕೆಳಗ ನಡೀರಿ ಮಾವಶಿ, ಇದು ನಮ್ಮಿಬ್ಬರ ಮಾತು’ ಎಂದ. ನನಗೆ ಅಷ್ಟು ಮರ್ಯಾದೆ ಕೊಟ್ಟು ಮಾತಾಡುತ್ತಲೇ ಮುಚ್ಚಳವನ್ನು ಮತ್ತೆ ಎತ್ತಿದ.

ನಾನು ಹೊಡೆದೆ. ಹೆಗಲಿಗೆ ಬಿತ್ತು. ದಿನವೂ ಮುರಿದ ಎಲುಬು ನೋಡುವವಳು ನಾನು, ಮುರಿಯುವ ಸಪ್ಪಳ ಕೇಳಿದ್ದು ಅಂದೇ. ಅವನು ಜಡೆ ಬಿಟ್ಟು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಬೆನ್ನಿಗೆ ಹೊಡೆದೆ, ಅವನು ಕೈ ಎತ್ತಿದ್ದಕ್ಕೆ ಕೈಗೆ ಹೊಡೆದೆ. ಪೀಠದ ಕೀಲು ಕಿತ್ತು ಎರಡು ಹಲಗೆಯಾಯಿತು, ಉಳಿದ ಒಂದು ಹಲಗೆಯಿಂದಲೂ ಹೊಡೆದೆ. ‘ಬಿಡ್ರಿ ಬಾಯಾರ, ಸಾಯ್ತಾನ!’ ಎಂದು ಮುಸರತ ಸೊಂಟ ಹಿಡಿದು ಹಿಂದಕ್ಕೆ ಎಳೆದಳು. ಬಾಗಿಲಲ್ಲಿ ಸೌಮ್ಯಾ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಕೇದಾರನನ್ನಲ್ಲ, ನನ್ನನ್ನು.

ಆ ರಾತ್ರಿ ನಮ್ಮ ಆಸ್ಪತ್ರೆಯಲ್ಲಿ ಆರತಿಯ ಎಕ್ಸ್‌ರೇ ನಾನೇ ತೆಗೆದೆ. ಡ್ಯೂಟಿ ನನ್ನ ಜೊತೆ ಕೆಲಸ ಮಾಡುವ ಶಾಕೀರನದು, ‘ನೀವು ಕೂಡ್ರಿ ಬಾಯಾರ, ನಾ ತೆಗೀತೀನಿ’ ಎಂದ, ನಾನು ಬಿಡಲಿಲ್ಲ. ಜಾರಿ ಬಿದ್ದವರು ಅಂಗೈ ಊರುತ್ತಾರೆ ಇಂದೂ, ಮಣಿಕಟ್ಟು ಹೋಗುತ್ತದೆ. ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿದವರಿಗೆ ಮುಂಗೈ ಎಲುಬು ನಟ್ಟನಡುವೆ ತುಂಡಾಗುತ್ತದೆ. ಅವಳದು ಹಾಗೆ ತುಂಡಾಗಿತ್ತು. ಆಮೇಲೆ ಅದೇ ಕೋಣೆಯಲ್ಲಿ ನಿನ್ನ ಮಗನನ್ನೂ ನಿಲ್ಲಿಸಿದೆ. ‘ಅಲ್ಲಾಡಬ್ಯಾಡ, ಉಸರು ಹಿಡಿ’ ಎಂದು ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳಿದೆ. ಅವನು ಉಸಿರು ಹಿಡಿದ. ಇನ್ನು ಪೊಲೀಸರ ಮುಂದೆ ಕೂತು ‘ಜಾರಿ ಬಿದ್ದಳು’ ಎಂದು ಯಾವ ಬಾಯಿಂದ ಹೇಳಲಿ?

ಯಾಕೆ ಹೊಡೆದ ಎಂದು ಮಾತ್ರ ಕೇಳಬೇಡ. ನಿನ್ನ ಗಂಡ ಯಜ್ಞೇಶ್ವರರು ಫೋನ್ ಮಾಡಿ ಅದನ್ನೇ ಕೇಳಿದರು. ‘ಆಕಿ ಏನರೆ ಅಂದಿರಬೇಕಲ್ರೀ, ಸುಮ್ಮಸುಮ್ಮನ ಯಾರು ಕೈ ಎತ್ತತಾರ? ಹುಡುಗರ ಜಗಳಾ ದೊಡ್ಡದು ಮಾಡಲಿಕ್ಕೆ ಹತ್ತೀರಿ’ ಎಂದರು. ಕಾರಣ ಹುಡುಕಿದರೆ ಕಾರಣ ಇತ್ತು ಎಂದಾಗುತ್ತದೆ. ನಾನು ಆರತಿಗೆ ಆ ಪ್ರಶ್ನೆ ಇಂದಿನವರೆಗೂ ಕೇಳಿಲ್ಲ.

ನಿನ್ನ ಮುಂದೆ ಸುಳ್ಳು ಹೇಳಲಾರೆ. ಕೇದಾರ ಬಾಣಂತಿ ಕೋಣೆಯಲ್ಲಿ ನನ್ನ ತೊಡೆಯ ಮೇಲೆ ಮಲಗಿದ ಕೂಸು. ಆದರೂ ಆ ಮುಚ್ಚಳ ನೆನಪಾದರೆ ಈಗಲೂ ನನ್ನ ಅಂಗೈ ಬಿಸಿಯಾಗುತ್ತದೆ, ಇನ್ನೊಂದು ಬಾರಿಸಬೇಕಿತ್ತು ಅನಿಸುತ್ತದೆ. ಇಂಥ ಹೆಂಗಸು ನನ್ನೊಳಗೆ ಇದ್ದಾಳೆ ಎಂದು ನನಗೇ ತಿಳಿದಿರಲಿಲ್ಲ. ಗುರುಪಾದರು ಮೆಟ್ಟಿಲ ಮೇಲಿನ ರಕ್ತ ತೊಳೆದರು. ಮರುದಿನ ಚಹಾ ಕೊಡುತ್ತಾ, ‘ಇನ್ನ ನನಗೂ ಹೊಡೀತಿ ಏನ?’ ಎಂದು ಚೇಷ್ಟೆ ಮಾಡಿದರು. ನಾನು ನಕ್ಕೆ, ಅವರು ನಗಲಿಲ್ಲ. ಈಗ ಮನೆಯಲ್ಲಿ ಮೆಲ್ಲಗೆ ಓಡಾಡುತ್ತಾರೆ. ಸೌಮ್ಯಾ ಮೂರ್ನಾಲ್ಕು ದಿನ ನನ್ನ ಹತ್ತಿರ ಬರಲಿಲ್ಲ. ಆಮೇಲೊಂದು ಸಂಜೆ ಬಂದು, ‘ಅವ್ವಾ, ಹೊಡಿಯೂಮುಂದ ನಿನ್ನ ಮುಖಾನೂ ಅವನ ಹಂಗ ಇತ್ತು’ ಎಂದಳು. ಠಾಣೆಯಲ್ಲಿ ಅದನ್ನೂ ಹೇಳುತ್ತೇನೆ, ಮೊದಲ ಏಟು ಬಿಡಿಸಲಿಕ್ಕೆ, ಉಳಿದವು ಸಿಟ್ಟಿಗೆ ಎಂದು. ಏನು ಶಿಕ್ಷೆಯೋ ಆಗಲಿ.

ಆರತಿ ಈಗ ನಮ್ಮ ಜೊತೆ ಕೆಳಗೇ ಇದ್ದಾಳೆ, ಎಡಗೈಯಿಂದ ಉಣ್ಣುತ್ತಾಳೆ. ಬಲಗಿವಿ ಸರಿಯಾಗಿ ಕೇಳುತ್ತಿಲ್ಲ. ಅಧ್ಯಾಯ ನಡುವೆ ನಿಂತಿತು, ದೋಷ, ದೋಷ ಎಂದು ಕಾಳವ್ವ ಒಂದು ದಿನ ಗೊಣಗಿದಳು. ಮರುಸಂಜೆ ಅವಳೇ ಪುಸ್ತಕವನ್ನು ತನ್ನ ಮಡಿಲಲ್ಲಿ ತೆರೆದಿಟ್ಟು, ‘ಇಲ್ಲಿಂದ ಓದವಾ, ಆ ಹುಡುಗಿ ಕಿವಿಗೆ ಬೀಳೂಹಂಗ ಓದು’ ಎಂದಳು.

ಸಾಕು, ಅಕ್ಕಿ ನೆನೆಹಾಕಬೇಕು. ಸಾಕ್ಷಿ ಹೇಳಿದ ಮೇಲೆ ನೀನು ನನ್ನನ್ನು ಗೆಳತಿ ಎನ್ನುತ್ತೀಯೋ ಇಲ್ಲವೋ ತಿಳಿಯದು. ಅದೊಂದು ಭಯ ಇದೆ, ಕೇಸಿನ ಭಯ ಅದರ ಮುಂದೆ ಏನೂ ಅಲ್ಲ. ಕೇದಾರನ ಎಲುಬು ಚೆನ್ನಾಗಿ ಕೂಡಲಿ, ಬುದ್ಧಿಯೂ ಕೂಡಲಿ. ಹೊಡೆದ ಕೈಯಿಂದಲೇ ಆಶೀರ್ವಾದ ಕಳಿಸಿದ್ದೇನೆ, ಬೇಕಿದ್ದರೆ ತಿಳಿಸು. ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ,
ವಾಣಿ

ತಾ.ಕ.: ಪತ್ರ ಮುಗಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಒಂದು ಮಾತು ಬಿಟ್ಟಿದ್ದೇನೆ. ಇದರ ಸಲುವಾಗಿಯೇ ಪತ್ರವನ್ನು ನಿನ್ನ ಮನೆಗೆ ಹಾಕದೆ ನೀನು ಕೆಲಸ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಂದು ಆಸ್ಪತ್ರೆಗೆ ಹೋಗುವ ಜೀಪು ಹತ್ತುವ ಮೊದಲು ಕೇದಾರ ಸಣ್ಣ ಹುಡುಗನ ಹಾಗೆ ಅಳುತ್ತಾ ಹೇಳಿದ, ‘ಮಾವಶಿ, ನಮ್ಮವ್ವನೂ ಹಿಂಗ ಒದರತಿದ್ಲು. ದಿನಾ ಒದರತಿದ್ಲು. ಆವಾಗ ಯಾರೂ ಬರಲಿಲ್ಲ, ನೀವೂ ಬರಲಿಲ್ಲ. ಈಗ್ಯಾಕ ಬಂದ್ರಿ?’ ಇಷ್ಟು ವರ್ಷ ನಿನ್ನ ಮನೆಗೆ ಬಂದು ಉಂಡು ಹೋದೆ. ಓದಿದ ಪುಸ್ತಕವೆಲ್ಲ ನೀನು ನನಗೆ ಹೇಳಿದೆ, ಇದನ್ನು ಹೇಳಲಿಲ್ಲ. ಯಜ್ಞೇಶ್ವರರು ಈಗಲೂ ಹೊಡೆಯುತ್ತಾರೇನೇ? ಬೇರೇನೂ ಬರೆಯಬೇಡ, ಇದಕ್ಕೊಂದು ಉತ್ತರ ಬರೆ. ನಾನು ಹೊರಟು ಬರುತ್ತೇನೆ.