ಅಪ್ಪ ಬಿಟ್ಟ ಬಣ್ಣದ ನೀರು

ಅಪ್ಪಾ,

ನಮ್ಮ ಹೊಳೆ ಹಾಳಾದ ಕತೆಯನ್ನು ಜನರ ಬಾಯಿಂದಲೇ ಕೇಳಿ ಬರೆಯುವುದು ವಿಶ್ವವಿದ್ಯಾಲಯದಲ್ಲಿ ನನ್ನ ಓದು. ನೀನು ತೀರಿಕೊಳ್ಳುವ ಮುಂಚೆ ಆಸ್ಪತ್ರೆಯಲ್ಲಿ ಆಡಿದ ಮಾತನ್ನು ನಿನಗೆ ಹೇಳದೆ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಇವತ್ತು ಅದನ್ನು ತರಗತಿಯಲ್ಲಿ ಕೇಳಿಸಿದೆ.

"ಕಾರ್ಖಾನೆಯ ಬಣ್ಣದ ನೀರನ್ನ ಹೊಳೆಗೆ ಬಿಡ್ತಿದ್ದೋನು ನಾನೇ. ಮೇಲಿನೋರು ಹೇಳಿದ್ರು, ಬಿಟ್ಟೆ."

ಹಿಂದಿನ ಬೆಂಚಿನ ಹುಡುಗಿ, "ಈ ಮನುಷ್ಯನಿಗೆ ನಾಚಿಕೆನೇ ಆಗ್ಲಿಲ್ವಾ?" ಎಂದಳು.

ಆಸ್ಪತ್ರೆಯಲ್ಲಿ ಆ ಮಾತಾಡಿದ ಮೇಲೆ ನೀನು ಬಿಕ್ಕಿದ್ದೆ, "ತಪ್ಪಾಯ್ತು ಮಗಳೇ" ಅಂದಿದ್ದೆ. ಅಷ್ಟನ್ನೂ ನಾನು ತರಗತಿಗೆ ತರುವ ಮೊದಲೇ ಕತ್ತರಿಸಿದ್ದೆ.

"ಯಾರಮ್ಮಾ ಇವರು?" ಎಂದು ಮೇಷ್ಟ್ರು ಕೇಳಿದರು.

"ಯಾರೋ ಹಳೇ ಕೆಲಸಗಾರರು, ಸರ್."

ಎಲ್ಲರೂ ಚಪ್ಪಾಳೆ ತಟ್ಟಿದರು, ಅಪ್ಪಾ. ನಾನು ಎದ್ದು ನಿಂತು ಕೈಮುಗಿದೆ.