ಮೂರು ನಿಮಿಷದ ಆ ಚಪ್ಪಾಳೆ ಯಾವುದಕ್ಕೆ?

ಶಿಷ್ಟಾಚಾರ ವಿಭಾಗದ ಮಾನ್ಯ ಮುಖ್ಯಸ್ಥರೇ,

ಯುಕ್ರೇನ್ ಯುದ್ಧದ ವರ್ಷಾಬ್ದಿಯಾದ ಫೆಬ್ರುವರಿ ಇಪ್ಪತ್ತನಾಲ್ಕರಂದು ನಮ್ಮ ಪಟ್ಟಣದ ಸಂಸ್ಕೃತಿ ಭವನದಲ್ಲಿ ಒಬ್ಬ ಹೆಂಗಸು ತನ್ನ ಗಂಡ ಹೇಗೆ ರಕ್ತ ಸೋರಿ ಸತ್ತ ಎಂದು ಹೇಳುತ್ತಿದ್ದಾಗ, ನೀವೂ ಸೇರಿದಂತೆ ನಾನೂರು ಮಂದಿ ಎದ್ದು ನಿಂತು ಮೂರು ನಿಮಿಷ ಚಪ್ಪಾಳೆ ತಟ್ಟಿದಿರಿ. ನಿಮ್ಮ ಕಚೇರಿಯ ವರದಿ ಅದನ್ನು ‘ಲಿಥುವೇನಿಯಾದ ಹೃದಯ ಮಿಡಿದ ಕ್ಷಣ’ ಎಂದು ಬಣ್ಣಿಸಿದೆ. ಆ ಹೃದಯ ಯಾವುದಕ್ಕೆ ಮಿಡಿಯಿತು ಎಂಬುದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಏಕೆಂದರೆ ಅಂದು ಸಭಾಂಗಣದ ಹಿಂದಿನ ಗಾಜಿನ ಕೋಣೆಯಲ್ಲಿ ಕುಳಿತು ಹೆಡ್‌ಫೋನಿನ ಮೂಲಕ ನಿಮ್ಮೆಲ್ಲರ ಕಿವಿಗೆ ಸುಳ್ಳು ಹೇಳಿದ ದುಭಾಷಿ ನಾನೇ.

ನಾನು ಕೀವ್‌ನಲ್ಲಿ ಓದಿದವಳು, ರೈಲ್ವೆಯಲ್ಲಿ ದುಡಿದು ನಿವೃತ್ತಳಾದವಳು. ಯುಕ್ರೇನಿನ ಸುಮಿ ಪ್ರಾಂತ್ಯದ ಗಡಿಹಳ್ಳಿಯೊಂದರಿಂದ ಓಡಿಬಂದ ತಮಿಲಾ ಮತ್ತು ಅವಳ ಒಂಬತ್ತು ವರ್ಷದ ಮಗಳು ಹತ್ತು ತಿಂಗಳಿಂದ ನನ್ನ ಮನೆಯಲ್ಲಿದ್ದಾರೆ. ಅವಳ ದೇಶದ ಐವರು ಸಂಸದರು ನಮ್ಮ ಪಟ್ಟಣಕ್ಕೆ ಬರುವರೆಂದು ಗೊತ್ತಾದ ದಿನ ನಿಮ್ಮ ಸಹಾಯಕರು ನನಗೆ ಫೋನ್ ಮಾಡಿದರು. ಸಭೆಗೆ ಒಬ್ಬ ನಿರಾಶ್ರಿತೆ ಬೇಕಂತೆ. ನೋಡಲು ಲಕ್ಷಣವಾಗಿರಬೇಕಂತೆ, ಕಸೂತಿ ಅಂಗಿ ಇದ್ದರೆ ಬಹಳ ಒಳ್ಳೆಯದಂತೆ. ಬಾಂಬಿಗೆ ಮನೆ ಬಿಟ್ಟು ಓಡುವವರು ಮೊದಲು ಕಸೂತಿ ಅಂಗಿಯನ್ನು ಮಡಚಿಟ್ಟುಕೊಳ್ಳುತ್ತಾರೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ ನಾನು ಕಾಣೆ. ಕೊನೆಗೆ ನಾಟಕ ಸಂಘದಿಂದ ಒಂದನ್ನು ಎರವಲು ತಂದರು. ತೋಳು ಉದ್ದವಾಗಿತ್ತು. ಪಿನ್ನು ಹಾಕಿದೆವು.

ತಮಿಲಾ ನಾಲ್ಕು ಪುಟ ಬರೆದಳು. ನಿಮ್ಮ ಕಚೇರಿಯಿಂದ ಒಂದು ಪುಟ ವಾಪಸು ಬಂತು. ಗಂಡನ ಹೆಸರು ಹೋಗಿತ್ತು. ಅವನ ಸಾವು ‘ಅಹಿತಕರ ಘಟನೆ’ಯಾಗಿತ್ತು. ಉಳಿದದ್ದೆಲ್ಲ ನಮ್ಮ ಕಪ್ಪು ರೊಟ್ಟಿ, ನಮ್ಮ ಬೀಟ್‌ರೂಟ್ ಸೂಪು, ನಮ್ಮ ದೊಡ್ಡ ಮನಸ್ಸು.

"ಮುಂದಿನ ಸಾಲಲ್ಲಿ ಮಕ್ಕಳ ಗಾಯನ ತಂಡ ಕೂತಿರುತ್ತೆ ಮೇಡಂ, ರಕ್ತ ಗಿಕ್ತ ಬೇಡ," ಎಂದರು ನಿಮ್ಮ ಸಹಾಯಕರು. "ಜನ ಮನೆಗೆ ಹೋಗೋವಾಗ ಹೆಮ್ಮೆಯಿಂದ ಹೋಗ್ಬೇಕು ನೋಡಿ."

ನಾನು ಕುದಿಯುತ್ತಿದ್ದೆ. ತಮಿಲಾಳೇ ಸಮಾಧಾನ ಮಾಡಿದಳು. "ಹೋಗ್ಲಿ ಬಿಡಿ ಚಿಕ್ಕಮ್ಮ, ನಮಗೆ ಹೊಟ್ಟೆಗೆ ಹಾಕ್ತಿರೋ ಜನ. ಅವರು ಹೆಂಗೆ ಹೇಳ್ತಾರೋ ಹಂಗೆ."

ಆದರೆ ವೇದಿಕೆ ಹತ್ತಿದ ಮೇಲೆ, ಎದುರಿಗೆ ತನ್ನ ನಾಡಿನ ಐವರು ಕೂತಿದ್ದನ್ನು ನೋಡಿದ ಮೇಲೆ, ಅವಳಿಂದ ಆಗಲಿಲ್ಲ. ನಾಲ್ಕು ಸಾಲು ಓದಿ ಕಾಗದವನ್ನು ಕೆಳಗಿಟ್ಟಳು. ಅವರ ಕಡೆ ತಿರುಗಿ ಮಾತಾಡತೊಡಗಿದಳು. ಗಾಜಿನ ಕೋಣೆಯಲ್ಲಿ ನನ್ನ ಪಕ್ಕ ಕುಳಿತಿದ್ದ ನಿಮ್ಮ ಸಹಾಯಕರು ನನ್ನ ಮುಂದಿದ್ದ ಅನುವಾದದ ಮೇಲೆ ಬೆರಳಿಟ್ಟು, "ಇದನ್ನೇ ಓದಿ, ಇದನ್ನೇ," ಎಂದರು. ನಾನು ಓದಿದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಅರವತ್ತೈದು ವರ್ಷದ ಹೆಂಗಸು, ಪಕ್ಕದಲ್ಲಿ ಕುಳಿತ ಕೋಟುಧಾರಿಗೆ ಹೆದರಿ ಓದಿದೆ. ಸೋವಿಯತ್ ಕಾಲದಲ್ಲಿ ರಷ್ಯನ್ ಕಲಿತು, ಯುಕ್ರೇನಿಯನ್ ಅರ್ಧಂಬರ್ಧವಾದರೂ ತಿಳಿಯುವ ಹಳಬರು ಸಭೆಯಲ್ಲಿ ಬೇಕಾದಷ್ಟಿದ್ದರು, ಆದರೆ ಅವರ ಕಿವಿಗಳೂ ನನ್ನ ದನಿಯಿಂದ ತುಂಬಿದ್ದವು.

ತಮಿಲಾ ಹೇಳಿದ್ದು ಇದು. ಒಂದಕ್ಷರ ಬಿಟ್ಟಿಲ್ಲ:

"ಆವತ್ತು ನಾವು ಹನ್ನೊಂದು ಜನ ಆಲೂಗಡ್ಡೆ ಇಡೋ ನೆಲಮಾಳಿಗೇಲಿ ಕೂತಿದ್ವಿ. ಮೇಲೆ ರಷ್ಯನ್ ಸೈನಿಕರ ಬೂಟಿನ ಸದ್ದಾಯ್ತು. ನನ್ನ ಗಂಡ ಓಸ್ತಾಪ್ ಮೇಲೆ ಹತ್ತಿ ಹೋಗಿ, ನೆಲದ ಬಾಗಿಲು ಮುಚ್ಚಿ ಅದರ ಮೇಲೆ ಜಮಖಾನ ಎಳೆದ. ಮನೇಲಿ ನಾನೊಬ್ನೇ ಅಂದ. ಮೊಣಕಾಲಿಗೆ ಗುಂಡು ಹೊಡೆದ್ರು. ಇನ್ಯಾರಿದಾರೆ ಹೇಳು ಅಂದ್ರು. ಯಾರೂ ಇಲ್ಲ ಅಂದ. ಇನ್ನೊಂದು ಮೊಣಕಾಲಿಗೂ ಹೊಡೆದ್ರು. ಅವನು ತೆವಳಿಕೊಂಡು ಬಂದು ಆ ಜಮಖಾನದ ಮೇಲೆ ಮಲಗಿದ. ಹೊಟ್ಟೆಗೆ ಹೊಡೆದ್ರು. ಹಲಗೆ ಸಂದಿಯಿಂದ ರಕ್ತ ಇಳೀತು, ಮಗಳ ತಲೆ ಮೇಲೆ, ಕಣ್ಣೊಳಗೆ. ಅವಳು ಕಿರುಚಬಾರದು ಅಂತ ಬಾಯಿ ಒತ್ತಿ ಹಿಡಿದಿದ್ದೆ, ಅವಳ ಹಲ್ಲು ನನ್ನ ಅಂಗೈಗೆ ಇಳಿದಿತ್ತು. ಅವರು ಹೋದ್ಮೇಲೂ ಬಾಗಿಲು ತೆಗೆಯಕ್ಕಾಗಲಿಲ್ಲ. ಅವನ ಭಾರ. ನಾವು ಕೆಳಗಿಂದ ನೂಕಿದಷ್ಟೂ ಅವನು ನರಳ್ತಿದ್ದ. ಒಂದು ಗಂಟೆ ಹಂಗೇ ಇತ್ತು. ಆಮೇಲೆ ನರಳೋದು ನಿಂತೋಯ್ತು. ಇನ್ನು ಅವನಿಗೆ ನೋವಾಗಲ್ಲ ಅಂತ ಜೋರಾಗಿ ನೂಕಿದ್ವಿ. ಬಾಗಿಲು ತೆಗೀತು."

ರಕ್ತ ಮಗಳ ಕಣ್ಣಿಗೆ ಇಳಿದ ಮಾತಿಗೆ ಅವಳು ಬರುವಷ್ಟರಲ್ಲಿ ನಾನು ನಿಮ್ಮ ಪುಟದ ಕೊನೆಯ ಸಾಲು ಮುಟ್ಟಿದ್ದೆ: ‘ಇಲ್ಲಿ ನನಗೆ ಮತ್ತೆ ಜೀವ ಬಂತು. ಧನ್ಯವಾದ, ಲಿಥುವೇನಿಯಾ!’ ನೀವೆಲ್ಲ ಎದ್ದಿರಿ. ಉಳಿದದ್ದನ್ನು ಅವಳು ಚಪ್ಪಾಳೆಯ ನಡುವೆಯೇ ಹೇಳಿ ಮುಗಿಸಿದಳು. ಸಂಸದರ ಪೈಕಿ ಒಬ್ಬ ಹೆಂಗಸು ಎದ್ದು ಎರಡೂ ಕೈ ಮೇಲೆತ್ತಿ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದರು. ಅವರು ನಮಗೆ ವಂದಿಸುತ್ತಿದ್ದಾರೆಂದು ತಿಳಿದು ನೀವು ಇನ್ನೂ ಜೋರಾಗಿ ತಟ್ಟಿದಿರಿ.

ಸಭೆ ಮುಗಿದ ಮೇಲೆ ಆ ಸಂಸದೆ ಗಾಜಿನ ಕೋಣೆಗೆ ಬಂದು, "ಏನು ಓದಿದ್ರಿ ಇವರಿಗೆ?" ಎಂದರು. ಪುಟ ಕೊಟ್ಟೆ. ಓದಿದರು. ಅದನ್ನು ಮುದುರಿ ನನ್ನ ಮುಖಕ್ಕೆ ಎಸೆಯುವರೆಂದುಕೊಂಡೆ. ಹಾಗಾಗಿದ್ದರೆ ನನಗೂ ಹಗುರವಾಗುತ್ತಿತ್ತು. ನೀಟಾಗಿ ಮಡಚಿ ವಾಪಸು ಕೊಟ್ಟು ಹೇಳಿದರು: "ನಾವು ಔಷಧಿ, ಮದ್ದುಗುಂಡು ಕೇಳಕ್ಕೆ ಬಂದೋರು ತಾಯಿ. ಕೊಡೋರ ಹತ್ರ ಜಗಳ ಆಡಕ್ಕಾಗುತ್ತಾ? ನೀವಾದ್ರೂ ಆಡಿ."

ಅದಕ್ಕೇ ಆಡುತ್ತಿದ್ದೇನೆ, ಮಾನ್ಯರೇ. ನಮ್ಮ ಜನರ ಕರುಣೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಂದು ಚಪ್ಪಾಳೆ ತಟ್ಟಿದ ಎಷ್ಟೋ ಕೈಗಳು ಆ ದೇಶಕ್ಕಾಗಿ ಕಂಬಳಿ ಹೊತ್ತಿವೆ, ಆಂಬುಲೆನ್ಸ್ ಓಡಿಸಿವೆ. ಅಂಥ ಜನಕ್ಕೆ ಒಂದು ಸಾವಿನ ಸುದ್ದಿ ಕೇಳುವ ಗಟ್ಟಿತನವಿಲ್ಲವೆಂದು ತೀರ್ಮಾನಿಸಲು ನೀವು ಯಾರು? ತೊಂಬತ್ತೊಂದರ ಜನವರಿಯಲ್ಲಿ ವಿಲ್ನಿಯಸ್ಸಿನ ಟಿ.ವಿ. ಗೋಪುರದ ಬಳಿ ನಾನಿದ್ದೆ. ನಮ್ಮ ಸ್ವಾತಂತ್ರ್ಯ ಹತ್ತಿಕ್ಕಲು ಬಂದ ಸೋವಿಯತ್ ಟ್ಯಾಂಕು ಮನುಷ್ಯರ ಮೇಲೆ ಹತ್ತಿದಾಗ ಮೂಳೆ ಮುರಿಯುವ ಸದ್ದು ಕೇಳಿದ್ದೇನೆ, ಒಬ್ಬ ಹುಡುಗಿಯ ತೊಡೆಗೆ ನನ್ನ ಮಫ್ಲರ್ ಬಿಗಿದಿದ್ದೇನೆ, ಅದು ನೆನೆದು ಕೆಂಪಾಗಿದ್ದನ್ನು ಹಿಂಡಿದ್ದೇನೆ. ಮರುದಿನ ಮಾಸ್ಕೋದವರು ಅದನ್ನು ಏನೇನೋ ಮೆದು ಮಾತಿನಲ್ಲಿ ಸುತ್ತಿ ಹೇಳಿದಾಗ ನಮ್ಮ ಹೊಟ್ಟೆ ಉರಿದಿರಲಿಲ್ಲವೇ? ಅವರು ಮಾಡಿದ್ದು ಸುಳ್ಳು, ನಾವು ಮಾಡಿದ್ದು ಶಿಷ್ಟಾಚಾರ ಎನ್ನುವುದಾದರೆ ಎರಡಕ್ಕೂ ಏನು ವ್ಯತ್ಯಾಸವೆಂದು ದಯವಿಟ್ಟು ಬರೆದು ತಿಳಿಸಿ. ಸತ್ತವನ ಪಾಲಿಗೆ ಏನು ವ್ಯತ್ಯಾಸವೆಂದೂ ತಿಳಿಸಿ.

ಆ ದಿನ ಮನೆಗೆ ಬಂದು ಪಿನ್ನು ಬಿಚ್ಚುತ್ತಿದ್ದಾಗ ತಮಿಲಾ ಕೇಳಿದಳು: "ಯಾಕೆ ಚಪ್ಪಾಳೆ ಹೊಡೆದ್ರು ಚಿಕ್ಕಮ್ಮ?"

ನಾನು ನಿಜ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಅವನನ್ನ ಕೊಂದೋರು ಕೂಡ ಚಪ್ಪಾಳೆ ಹೊಡೆದಿರಲಿಲ್ಲ," ಎಂದಳು, ಅಷ್ಟೇ. ಮಾರನೆಯ ದಿನ ಬಸ್ಸಿನ ಟಿಕೆಟ್ ತಂದಳು. ಬರುವ ಶನಿವಾರ ಮಗಳನ್ನು ಕರೆದುಕೊಂಡು ಊರಿಗೆ ವಾಪಸು ಹೊರಟಿದ್ದಾಳೆ. ಆ ಊರಿನ ಮೇಲೆ ಇಂದಿಗೂ ಗಡಿಯಾಚೆಯಿಂದ ಶೆಲ್ ಬೀಳುತ್ತಿದೆ. ಶಾಲೆಗೆ ಚಾವಣಿಯಿಲ್ಲ. ಮಗುವನ್ನು ಸಾವಿನ ಬಾಯಿಗೆ ಕರೆದೊಯ್ಯಬೇಡ ಕಣೇ ಎಂದು ಕೈಮುಗಿದು ಬೇಡಿದೆ. "ಅಲ್ಲಿ ಓಸ್ತಾಪ್ ಹೆಂಗೆ ಸತ್ತ ಅಂತ ಎಲ್ರಿಗೂ ಗೊತ್ತು," ಎಂದಳು.

ನಿಮ್ಮ ಕಚೇರಿಗೆ ಪತ್ರ ಬರೆದೆ. ಉತ್ತರ ಬಂತು: ‘ಅನುವಾದವು ಅನುಮೋದಿತ ಪಠ್ಯಕ್ಕೆ ಅನುಗುಣವಾಗಿತ್ತು. ತಮ್ಮ ಸೇವೆ ಶ್ಲಾಘನೀಯ.’ ಜೊತೆಗೆ ಒಂದು ಪ್ರಶಂಸಾಪತ್ರ. ಅದನ್ನು ಹರಿದು ಒಲೆಗೆ ಹಾಕಿದ್ದೇನೆ. ನಿಮ್ಮ ಕಡತದಲ್ಲಿ ನಮೂದಿಸಿಕೊಳ್ಳಿ.

ನನಗೆ ಕ್ಷಮಾಪಣೆ ಬೇಡ. ಹೂಗುಚ್ಛ ಹಿಡಿದು ನನ್ನ ಮನೆಗೂ ಬರಬೇಡಿ. ಅಂದಿನ ಧ್ವನಿಮುದ್ರಿಕೆ ನಿಮ್ಮಲ್ಲಿದೆ, ಆ ನಾನೂರು ಮಂದಿಯ ಪಟ್ಟಿಯೂ ಇದೆ. ಶುಕ್ರವಾರದೊಳಗೆ ಅವರನ್ನು ಅದೇ ಭವನಕ್ಕೆ, ಅದೇ ಕುರ್ಚಿಗಳಿಗೆ ಕರೆಸಿ. ತಮಿಲಾ ಇನ್ನೊಮ್ಮೆ ಹೇಳಬೇಕಿಲ್ಲ, ಹಿಂದೆ ಕೂತು ನೋಡಿದರೆ ಸಾಕು, ಬರಲು ಒಪ್ಪಿದ್ದಾಳೆ. ಮುದ್ರಿಕೆ ಹಾಕಿ. ಈ ಸಲ ನನ್ನ ಪಕ್ಕ ಯಾರೂ ಕೂರುವುದು ಬೇಡ. ಅವನ ಹೆಸರಿನಿಂದ ಹಿಡಿದು ಆ ಬಾಗಿಲು ತೆಗೆದ ತನಕ ಒಂದೊಂದು ಮಾತನ್ನೂ ನಿಮ್ಮ ಕಿವಿಗೆ ಹಾಕುತ್ತೇನೆ. ಅಷ್ಟು ಕೇಳಿದ ಮೇಲೂ ನಿಮಗೆ ಚಪ್ಪಾಳೆ ತಟ್ಟಬೇಕೆನ್ನಿಸಿದರೆ, ತಟ್ಟಿ. ಆಗ ಶನಿವಾರ ಬೆಳಿಗ್ಗೆ ನಾನೇ ಅವಳ ಪೆಟ್ಟಿಗೆ ಹೊತ್ತು ಬಸ್ಸಿಗೆ ಹಾಕುತ್ತೇನೆ.

ಇಂತಿ,
ನೀವು ಕೊಟ್ಟದ್ದನ್ನು ಒಂದಕ್ಷರವೂ ತಪ್ಪದೆ ಓದಿದ
ದಾಂಗುವೊಲೆ, ದುಭಾಷಿ