ರೊಟ್ಟಿ ಬಡಿಯದ ಓಣಿಗೆ ಬಂದ ಪೌಷ್ಟಿಕತೆಯ ಸಮೀಕ್ಷೆ

ಮಾನ್ಯ ಸಮೀಕ್ಷಾಧಿಕಾರಿಗಳೇ,

ಕೆಪೆ ಪಟ್ಟಣದ ನಮ್ಮ ಕೂಲಿಕಾರರ ಓಣಿಯಲ್ಲಿ ಎಲ್ಲರೂ ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿಪುಡಿ ತಿನ್ನುತ್ತಾರೆ, ಅದರಲ್ಲಿ ಮೆಗ್ನೀಸಿಯಂ ಸಮೃದ್ಧವಾಗಿದೆ, ಆದ್ದರಿಂದ ಜೋಳ-ಬೇಳೆ ಹಂಚುವ ಯೋಜನೆ ಇಲ್ಲಿಗೆ ಬೇಡ ಎಂದು ತಾವು ತೀರ್ಮಾನಿಸಿದ್ದೀರಿ. ನಮ್ಮ ಊಟದ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಗೋವಾದಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ. ಅದು ಸುಳ್ಳು ಎಂಬುದೊಂದೇ ಅದರ ಕೊರತೆ.

ನಾವು ತಿನ್ನುವುದು ಬೆಳಿಗ್ಗೆ ಸೈಕಲ್ ಮೇಲೆ ಬರುವ ಮೈದಾದ ಪಾವ್ ಮತ್ತು ಚಹಾ, ಮಧ್ಯಾಹ್ನ ಕಟ್ಟಡ ಕೆಲಸದ ಜಾಗದಲ್ಲಿ ಮತ್ತೆ ಪಾವ್, ರಾತ್ರಿ ಬಿಳಿ ಅನ್ನ, ನೀರು ಸಾರು. ಬೆಳಗಿನ ಜಾವ ರೊಟ್ಟಿ ಬಡಿದರೆ ಮೇಲಿನ ಮಹಡಿಯ ಮಾಲಕರ ನಿದ್ದೆ ಕೆಡುತ್ತದೆ. ಸಪ್ಪಳ ಮಾಡುವುದಾದರೆ ಖೋಲಿ ಖಾಲಿ ಮಾಡಿ ಎಂದಿದ್ದಾರೆ. ಗಂಡ ಹೆಂಡತಿ ಇಬ್ಬರೂ ನಸುಕಿನಲ್ಲೇ ಕೆಲಸಕ್ಕೆ ಹೊರಡುವ ಮನೆಯಲ್ಲಿ ರೊಟ್ಟಿಗೆ ಬೇರೆ ಹೊತ್ತಾದರೂ ಎಲ್ಲಿದೆ?

ಹಾಗಾದರೆ ರೊಟ್ಟಿಯ ಮಾತು ಹೇಳಿದವರು ಯಾರು? ನನ್ನ ಅಣ್ಣ ಸೋಮಲಪ್ಪನ ಹೆಂಡತಿ, ವೈನಿ ಭಾಗವ್ವ. ನಿಮ್ಮವರು ಕೇಳಿದಾಗ, "ರೊಟ್ಟಿರಿ, ಹೆಸರಕಾಳ ಪಲ್ಲೆರಿ. ಮತ್ತೇನ ತಿಂತೇವ್ರಿ ನಾವು?" ಎಂದರು. ಯಾಕೆ ಹಾಗಂದಿರಿ ಎಂದು ಆಮೇಲೆ ನಾನು ಸಿಟ್ಟಾದೆ. "ಮನ್ಯಾಗ ರೊಟ್ಟಿ ಬಡಿಯೂದಿಲ್ಲಂತ ಹೊರಗಿನವ್ರ ಮುಂದ ಹೆಂಗ ಹೇಳೂದಪ್ಪ? ಹಡದವ್ರ ಹೆಸರ ಕೆಡತೈತಿ," ಎಂದರು. ಓಣಿಯ ಎಲ್ಲ ಹೆಣ್ಣುಮಕ್ಕಳೂ ಹೀಗೇ ಮಾನ ಕಾಯ್ದುಕೊಂಡರು. ನಿಮ್ಮವರು ಬರೀ ಬಾಯಿಮಾತು ಕೇಳಿ ಹೋದರು. ಒಂದು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಿದ್ದರೆ ಕೈ ಸವೆಯುತ್ತಿತ್ತೇ?

ಕಳೆದ ತಿಂಗಳು ಅಣ್ಣ ಸಿಮೆಂಟ್ ಚೀಲ ಇಳಿಸುತ್ತಲೇ ಎದೆ ಹಿಡಿದು ಕುಸಿದ. ಹೇಗೋ ಜೀವ ಉಳಿಯಿತು. ರಕ್ತದಲ್ಲಿ ಉರಿಯೂತ ಹೆಚ್ಚಿದೆ ಎಂದರು ಡಾಕ್ಟರು. ಮೈದಾದಲ್ಲಿ, ಪಾಲಿಶ್ ಅಕ್ಕಿಯಲ್ಲಿ ಮೆಗ್ನೀಸಿಯಂ ಬಹುಪಾಲು ಹೋಗಿರುತ್ತದಂತೆ. ಊಟದಲ್ಲಿ ಮೆಗ್ನೀಸಿಯಂ ಕಡಿಮೆ ಸಿಗುವವರಲ್ಲಿ ಉರಿಯೂತವೂ ಹೃದ್ರೋಗವೂ ಹೆಚ್ಚು ಕಂಡುಬಂದಿವೆಯಂತೆ. ಅದೊಂದೇ ಕಾರಣ ಎನ್ನಲಾಗದು, ಬಿಪಿ, ತಂಬಾಕು ಕೂಡ ಇವೆ ಎಂದೂ ಹೇಳಿದರು. ಅಣ್ಣ ತಂಬಾಕು ಬಿಟ್ಟಿದ್ದಾನೆ, ತಪ್ಪದೆ ಗುಳಿಗೆ ನುಂಗುತ್ತಾನೆ. ಊಟ ಮಾತ್ರ ಅದೇ ಪಾವ್. ಅವನು ಮಲಗಿದಾಗ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ವೈನಿ ಮೂಗಿನ ಬಳಿ ಕೈ ಹಿಡಿದು ನೋಡುತ್ತಾರೆ. ನನಗೂ ಭಯವಾಗುತ್ತದೆ.

ಈ ಪತ್ರದ ವಿಷಯ ತಿಳಿಸಿದಾಗ ವೈನಿ, "ಬರಿಯೂದಿದ್ರ ಬರಿ, ನನ್ನ ಹೆಸರ ಹಾಕಬ್ಯಾಡ," ಎಂದಿದ್ದರು. ಹಾಕಿದ್ದೇನೆ. ಇಲ್ಲದಿದ್ದರೆ 'ಓಣಿಯ ಯಾರೋ' ಎಂದು ತಾವು ಕೈ ತೊಳೆದುಕೊಳ್ಳುತ್ತೀರಿ. ಅವರು ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ. ಅಣ್ಣ ಬದುಕಬೇಕು.

ಆ ತೀರ್ಮಾನ ರದ್ದು ಮಾಡಿ. ಜೋಳ-ಬೇಳೆಯ ಜೊತೆಗೆ ಯಾರ ನಿದ್ದೆಯೂ ಕೆಡದಂತೆ ರೊಟ್ಟಿ ಬಡಿಯಲು ಓಣಿಗೊಂದು ಜಾಗ ಕೊಡಿಸಿ. ನಂಬಿಕೆಯಿಲ್ಲದಿದ್ದರೆ ಊಟದ ಹೊತ್ತಿಗೆ ತಾವೇ ಬಂದು ಪಾತ್ರೆ ತೆಗೆದು ನೋಡಿ. ವೈನಿಯನ್ನು ಮಾತ್ರ ಏನೂ ಕೇಳಬೇಡಿ. ಅವರು ಮತ್ತೆ ರೊಟ್ಟಿ ಎಂದೇ ಹೇಳುತ್ತಾರೆ.

ಇಂತಿ,
ಮನೆಯ ಮಾನ ಬೀದಿಗಿಟ್ಟ ಮೈದುನ,
ಗೌಂಡಿ ಕೆಲಸದ ದೇವಲಪ್ಪ, ಕೆಪೆ